ಮಸಿ ಹಾಕದೆ ಉಳಿದ ಹಳ್ಳ

ಇಂಥ ಸಂಗತಿಗಳನ್ನು ನಾನು ನಂಬಿದವನಲ್ಲ. ಹೊಳೆನರಸೀಪುರದ ಬಸ್ ಶೆಡ್ಡಿನಲ್ಲಿ ಹದಿನೆಂಟು ವರ್ಷ ಸ್ಪ್ಯಾನರ್ ಹಿಡಿದವನು. ಎಂಜಿನ್ ನಿಂತರೆ ಪೆಟ್ರೋಲ್ ಇಲ್ಲ, ಇಲ್ಲವೇ ಕಿಡಿ ಇಲ್ಲ. ಮೂರನೆಯ ಕಾರಣವೂ ಒಂದಿರುತ್ತದೆ ಎಂದು ಯಾರಾದರೂ ಹೇಳಿದರೆ ನಗುತ್ತಿದ್ದೆ. ಇಂಥ ಮರದ ಕೆಳಗೆ ಬಸ್ಸು ತಾನಾಗಿಯೇ ನಿಂತುಬಿಟ್ಟಿತು ಎಂದು ಡ್ರೈವರುಗಳು ಕತೆ ಹೇಳಿದರೆ, ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ನೋಡಿ ಎನ್ನುತ್ತಿದ್ದೆ. ಈಗ ನಾನೇ ಒಂದನ್ನು ಹೇಳಲು ಕೂತಿದ್ದೇನೆ. ನಿಮಗೆ ನಗು ಬಂದರೆ ನನಗೆ ಬೇಸರವಿಲ್ಲ. ಪೂರ್ತಿ ಓದಿ ನಗಿ, ಅಷ್ಟೇ.

ಐವತ್ತರ ದಶಕದಲ್ಲಿ ನನ್ನ ಹತ್ತಿರ ಒಂದು ಮೋಟಾರ್ ಸೈಕಲ್ ಇತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಗಾಡಿ. ಕೈಯಿಂದ ಕೈಗೆ ದಾಟಿ ನನಗೆ ಸಿಗುವ ಹೊತ್ತಿಗೆ ಅದು ಮೂರು ಗೋಣಿಚೀಲಗಳಲ್ಲಿತ್ತು. ಜೋಡಿಸಿ ನಿಲ್ಲಿಸಲು ಒಂದು ವರ್ಷ ಹಿಡಿಯಿತು. ಓಡಿಸುವವನು ನಾನು. ಎಲ್ಲಿಗೆ, ಯಾವ ದಾರಿಯಲ್ಲಿ ಎಂದು ಗೊತ್ತುಮಾಡುವವಳು ನನ್ನ ಹೆಂಡತಿ ಜಯಮ್ಮ. ಅವಳು ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಕಡೆಯವಳು, ನಾಲ್ಕನೇ ಕ್ಲಾಸು ಓದಿದ್ದಳು. ಮೊದಲ ಸಲ ತವರಿಗೆ ಕರೆದುಕೊಂಡು ಹೋದಾಗ ನಾನು ದೊಡ್ಡ ರಸ್ತೆಯಲ್ಲೇ ಹೋದೆ. ಇಳಿದು ಸೆರಗಿನ ಧೂಳು ಕೊಡವಿಕೊಂಡು, "ಬಸ್ಸು ಓಗೋ ದಾರೀಲಿ ಓಗೋದಾದ್ರೆ ಬಸ್ಸೇ ಸಾಕಿತ್ತಲ್ರೀ" ಎಂದಳು. ಅಂದಿನಿಂದ ಭಾನುವಾರಗಳಲ್ಲಿ ನಾವು ದೊಡ್ಡ ರಸ್ತೆ ಬಿಟ್ಟೆವು.

ದಾರಿ ಹುಡುಕುವುದರಲ್ಲಿ ಅವಳದ್ದೇ ಒಂದು ಕ್ರಮವಿತ್ತು. ಸಂತೆಯ ದಿನ ದೂರದ ಹಳ್ಳಿಗಳ ಗಾಡಿಗಳು ಬಿಟ್ಟಿರುವಲ್ಲಿಗೆ ಹೋಗಿ ವಿಚಾರಿಸುವಳು. ದಾರಿ ಹೇಗಿದೆ ಎಂದು ಗಂಡಸರನ್ನು ಕೇಳಿದರೆ ಚೆನ್ನಾಗಿದೆ ಎಂದೇ ಹೇಳುತ್ತಾರೆ, ಅದನ್ನು ನಂಬಬಾರದು ಎನ್ನುವುದು ಅವಳ ಅನುಭವ. ಅದಕ್ಕೇ ಹೆಂಗಸರನ್ನು ಕೇಳುವಳು. ಕೇಳುವುದೂ ಒಂದೇ ಮಾತು: ಆ ದಾರಿಯಲ್ಲಿ ಬಸುರಿ ಹೆಂಗಸನ್ನು ಗಾಡಿಯ ಮೇಲೆ ಕರೆದೊಯ್ಯಬಹುದೇ? ಒಮ್ಮೆ ಬದನೆಕಾಯಿ ಗುಡ್ಡೆ ಹಾಕಿಕೊಂಡು ಕೂತಿದ್ದ ಅರಕಲಗೂಡು ಕಡೆಯ ಹೆಂಗಸೊಬ್ಬಳು ಅವಳನ್ನು ಮೇಲಿಂದ ಕೆಳಗೆ ನೋಡಿ, "ನಿಂಗೆಷ್ಟು ತಿಂಗ್ಳು ತಾಯಿ?" ಎಂದಳು.

"ನಂಗಲ್ಲ ಕಣಕ್ಕ, ನಮ್ಮನೆಯವ್ರ ಪಟಪಟಿಗೆ. ಅದುಕ್ಕೆ ಯಾವಾಗ್ಲೂ ಒಂಬತ್ತೇ."

ಇಡೀ ಸಾಲು ನಕ್ಕಿತು. ನಮಗೆ ಮಕ್ಕಳಿರಲಿಲ್ಲ. ಮನೆ ಸೇರಿದ ಮೇಲೆ ಅವಳು ಆ ದಾರಿಯನ್ನು ಬರೆದಿಟ್ಟುಕೊಂಡಳು.

ಬರೆಯುವುದಕ್ಕೆ ಒಂದು ನೋಟ್‌ಬುಕ್ ಇಟ್ಟಿದ್ದಳು. ಒಂದು ದಾರಿಗೆ ಒಂದು ಪುಟ. ಪುಟದ ಕೆಳಗೆ ನಮ್ಮ ಮನೆ, ಮೇಲೆ ಹೋಗಬೇಕಾದ ಊರು, ನಡುವೆ ಗೆರೆ. ಗೆರೆಯ ಎರಡೂ ಪಕ್ಕ ಸಣ್ಣ ಅಕ್ಷರ: ಒಂಟಿ ಹುಣಸೆ, ಎಡಕ್ಕೆ. ಬಾವಿ ನೀರು ಸಿಹಿ. ಇಲ್ಲಿ ನಾಯಿ ಕೆಟ್ಟದ್ದು. ಕೆರೆ ಏರಿ ಮೇಲೆ ನಿಲ್ಲಿಸಿ ನೋಡಬೇಕು. ಇನ್ನೂ ಹೋಗದ ದಾರಿ ಪೆನ್ಸಿಲ್ಲಿನಲ್ಲಿರುತ್ತಿತ್ತು. ಹೋಗಿ ಬಂದ ದಿನ ದೀಪ ಹಚ್ಚಿದ ಮೇಲೆ ಅದನ್ನೇ ಮಸಿಯಲ್ಲಿ ತಿದ್ದುವಳು. ಅರ್ಧದಿಂದ ಹಿಂತಿರುಗಿದರೆ ಅರ್ಧಕ್ಕೇ ಮಸಿ. ಒಮ್ಮೆ ನಾನು ಕೆಲಸದ ಮೇಲೆ ಒಬ್ಬನೇ ಅವಳ ಪೆನ್ಸಿಲ್ ದಾರಿ ಹಿಡಿದು ಹಾಸನಕ್ಕೆ ಹೋಗಿ ಬಂದು, ಆ ಪುಟಕ್ಕೂ ಮಸಿ ಹಾಕು ಎಂದೆ. ಒಪ್ಪಲಿಲ್ಲ. ಒಬ್ಬರು ಹೋದದ್ದು ಹೋದ ಹಾಗಲ್ಲ ಎಂದಳು. ಮುಂದಿನ ಭಾನುವಾರ ಇಬ್ಬರೂ ಹೋಗಿ ಬಂದ ಮೇಲೇ ಅದು ಮಸಿಯಾದದ್ದು. ಶೆಟ್ಟಿಹಳ್ಳಿಯ ಚರ್ಚಿಗೆ ಹೊಲಗಳ ನಡುವೆ ಹೋಗುವ ದಾರಿ, ಅವಳ ತವರಿಗೆ ಮೂರು ಕೆರೆ ಏರಿ ದಾಟುವ ದಾರಿ, ಹೀಗೆ ಹನ್ನೊಂದು ಪುಟ ಮಸಿಯಾದವು.

ಇನ್ನೊಂದು ಸಂಗತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ದಾರಿಯಲ್ಲಿ ಮರಳು ತುಂಬಿದ ಹಳ್ಳ ಬಂದರೆ ಜಯಮ್ಮ ಇಳಿಯುವಳು. ಸೀರೆ ಎತ್ತಿ ಕಟ್ಟಿ ಮುಂದೆ ನಡೆದು, ಕಾಲಿಗೆ ಗಟ್ಟಿ ನೆಲ ಸಿಕ್ಕ ಕಡೆಯಲ್ಲೆಲ್ಲ ಲಕ್ಕಿ ಸೊಪ್ಪಿನ ಒಂದೊಂದು ಕಡ್ಡಿಯಿಟ್ಟು, ಜರುಗದಂತೆ ಬುಡಕ್ಕೆ ಕಲ್ಲು ಹೇರುತ್ತ ಆಚೆ ದಡ ಸೇರುವಳು. ಸೊಪ್ಪಿನ ತುದಿ ಯಾವ ಕಡೆಗೋ ಚಕ್ರ ಆ ಕಡೆಗೆ. ಎರಡು ಕಡ್ಡಿಗಳನ್ನು ಒಂದರ ಮೇಲೊಂದು ಅಡ್ಡ ಇಟ್ಟಿದ್ದರೆ, ಇಲ್ಲಿ ನಿಧಾನ ಮಾಡಿದರೆ ಹೂತುಹೋಗುತ್ತೀರಿ, ನಿಲ್ಲಿಸಬೇಡಿ ಎಂದು ಅರ್ಥ. ಇದು ನಮ್ಮಿಬ್ಬರಿಗೆ ಮಾತ್ರ ಗೊತ್ತಿದ್ದ ಗುರುತು. ಮೊದಲ ಸಲ ನಾನು ಅದನ್ನು ಲೆಕ್ಕಿಸದೆ ಬ್ರೇಕ್ ಹಿಡಿದು ಸೊಂಟದವರೆಗೆ ಕೆಸರಾಗಿ ಎದ್ದಿದ್ದೆ. ದಡದ ಮೇಲೆ ಕೂತು ಅವಳು ನಕ್ಕಿದ್ದು ನೆನಪಾದರೆ ಈಗಲೂ ನನಗೆ ಸ್ವಲ್ಪ ಸಿಟ್ಟು ಬರುತ್ತದೆ.

ಹನ್ನೆರಡನೆಯ ಪುಟ ಸಂಗೀತಗಾರರ ಊರಾದ ರುದ್ರಪಟ್ಟಣದ್ದು. ಅಲ್ಲಿ ಬೆಳಿಗ್ಗೆ ಬೀದಿಯಲ್ಲಿ ನಡೆದರೆ ಒಂದು ಮನೆಯ ಹಾಡು ಮುಗಿಯುವುದರೊಳಗೆ ಮುಂದಿನ ಮನೆಯದು ಕೇಳಿಸುತ್ತದೆ ಎಂದು ಯಾರೋ ಅವಳಿಗೆ ಹೇಳಿದ್ದರು. ಬೀದಿಯ ತುದಿಯಲ್ಲಿ ಗಾಡಿ ನಿಲ್ಲಿಸಿ ಸುಮ್ಮನೆ ಕೂತು ಕೇಳಬೇಕು ಎಂಬುದು ಅವಳ ಆಸೆ. ಪುಟದ ನೆತ್ತಿಯಲ್ಲಿ 'ಹುಚ್ಚೆಳ್ಳು ಹೂವಾದಾಗ' ಎಂದು ಬರೆದಿದ್ದಳು.

ಆ ವರ್ಷ ಆಷಾಢದಲ್ಲಿ ಅವಳಿಗೆ ಜ್ವರ ಬಂತು. ಹಾಸನದ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದೆವು. ಧೈರ್ಯ ಹೇಳಬೇಕೆಂದು, ಹುಚ್ಚೆಳ್ಳು ಹೂ ಬಿಡುವ ಹೊತ್ತಿಗೆ ರುದ್ರಪಟ್ಟಣಕ್ಕೆ ಹೋಗೋಣ ಎಂದೆ. ಅದಕ್ಕೆ ಅವಳು ಹೇಳಿದ್ದು ಇಷ್ಟು:

"ನೀವು ಓಗ್ಬನ್ನಿ. ನಾನಿಲ್ದೆ ಮಸಿ ಮಾತ್ರ ಆಕ್‌ಬ್ಯಾಡಿ ಕಣ್ರೀ."

ಅದಾದ ಮೂರನೆಯ ದಿನ ಹೋದಳು.

ಕಾರ್ತಿಕ ಮಾಸದಲ್ಲಿ ಒಂದು ಭಾನುವಾರ ನೋಟ್‌ಬುಕ್ಕನ್ನು ಅಂಗಿಯೊಳಗಿಟ್ಟುಕೊಂಡು ಹೊರಟೆ. ಯಾಕೆ ಹೊರಟೆ ಎಂದರೆ ನನಗೂ ಗೊತ್ತಿಲ್ಲ. ಮಸಿ ಹಾಕುವ ಹಕ್ಕು ನನಗಿರಲಿಲ್ಲ. ಆ ಪುಟವನ್ನು ಹಾಗೇ ಬಿಟ್ಟು ನೋಟ್‌ಬುಕ್ ಮುಚ್ಚಿಡಲೂ ಆಗುತ್ತಿರಲಿಲ್ಲ. ಹುಚ್ಚೆಳ್ಳು ಹೂ ಬಿಟ್ಟು ಹೊಲಗಳೆಲ್ಲ ಹಳದಿಯಾಗಿದ್ದವು. ಅವಳು ಎಂದೂ ಕಾಣದ ದಾರಿ ಅವಳು ಬರೆದಂತೆಯೇ ಬಂತು. ಹುಣಸೆ ಇತ್ತು. ಬಾವಿ ಇತ್ತು, ನೀರು ಸಿಹಿಯಾಗಿತ್ತು. ನಾಯಿಯೂ ಇತ್ತು, ಬಹಳ ದೂರ ಅಟ್ಟಿಸಿಕೊಂಡು ಬಂತು.

ಬೆಳಿಗ್ಗೆ ಹತ್ತರ ಹೊತ್ತಿಗೆ ಹಳ್ಳ ಸಿಕ್ಕಿತು. ನೋಟ್‌ಬುಕ್ಕಿನಲ್ಲಿ ಅದರ ಪಕ್ಕ ಬೇರೇನೂ ಇರಲಿಲ್ಲ, 'ಹಳ್ಳ. ಇಳಿದು ನೋಡಬೇಕು' ಎಂದಷ್ಟೇ ಇತ್ತು. ಅರವತ್ತು ಹೆಜ್ಜೆ ಅಗಲದ ಹಸಿ ಮರಳು, ನಡುವೆ ಎಳೆಯಂತೆ ಹರಿಯುವ ನೀರು. ಇಳಿದು ನೋಡುವವರು ಇರಲಿಲ್ಲ. ಇಲ್ಲಿಂದಲೇ ಹಿಂತಿರುಗೋಣ ಎಂದುಕೊಂಡು ಗಾಡಿ ತಿರುಗಿಸುವಾಗ ಮರಳಿನ ಮೇಲೆ ಹಸಿರು ಕಂಡಿತು.

ಲಕ್ಕಿ ಸೊಪ್ಪು. ಒಂದೊಂದೇ ಕಡ್ಡಿ, ಬುಡಕ್ಕೆ ಕಲ್ಲು, ತುದಿ ಆಚೆ ದಡದ ಕಡೆಗೆ. ದಡದಲ್ಲೇ ನಿಂತು ಬಗ್ಗಿ ಹತ್ತಿರದ್ದನ್ನು ಎತ್ತಿ ನೋಡಿದೆ. ಎಲೆ ಬಾಡಿರಲಿಲ್ಲ, ಮುರಿದ ತುದಿ ಹಸಿಯಾಗಿತ್ತು, ಕೈಗೆ ವಾಸನೆ ಹತ್ತಿತು. ಅದನ್ನು ಇದ್ದ ಹಾಗೆಯೇ ಇಟ್ಟು ಗಾಡಿ ಹತ್ತಿದೆ. ಸೊಪ್ಪಿನ ಸಾಲು ನೆಟ್ಟಗೆ ಹೋಗಿ, ನೀರಿನ ಹತ್ತಿರ ಬಲಕ್ಕೆ ಬಾಗಿತ್ತು. ಅಲ್ಲಿ ಎರಡು ಕಡ್ಡಿಗಳು ಒಂದರ ಮೇಲೊಂದು ಅಡ್ಡ ಇದ್ದವು. ನಾನು ಬ್ರೇಕ್ ಹಿಡಿಯಲಿಲ್ಲ.

ಆಚೆ ದಡದಲ್ಲಿ ಎಂಜಿನ್ ಆರಿಸಿ ತಿರುಗಿ ನೋಡಿದೆ. ಮರಳಿನ ಮೇಲೆ ನನ್ನ ಚಕ್ರದ ಗುರುತು ಬಿಟ್ಟರೆ ಒಂದು ಹೆಜ್ಜೆಯೂ ಇರಲಿಲ್ಲ. ಕೆಳಗಡೆ ಒಬ್ಬ ಮುದುಕ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದ. ಆ ಸೊಪ್ಪು ಯಾರು ಇಟ್ಟರು ಎಂದು ಕೇಳಿದೆ.

"ನೀವೇ ಮಡಗಿದ್ದಲ್ವಾ ಸಾ?" ಎಂದ. "ಒತ್ತಾರೆಯಿಂದ ಇಲ್ಲೇ ಅವ್ನಿ, ಒಂದ್ ಕರಾನೂ ದಾಟ್ನಿಲ್ಲ. ಗಾಡಿಯೋರು ಈ ಕಡೀಕೆ ಬರಾಕಿಲ್ಲ, ಎತ್ತುನ್ನೇ ನುಂಗ್ತದೆ ಈ ಮರ್ಳು." ಆಮೇಲೆ ಹಿಂದಿನ ಸೀಟನ್ನು ನೋಡಿ, "ಒಬ್ರೇನಾ ಬಂದಿದ್ದು?" ಎಂದ.

ಹೌದು ಎನ್ನಲು ನನಗೆ ಬಾಯಿ ಬರಲಿಲ್ಲ. ಸುಮ್ಮನೆ ಕಿಕ್ ಹೊಡೆದು ಹೊರಟೆ.

ರುದ್ರಪಟ್ಟಣದಲ್ಲಿ ಬೀದಿಯ ತುದಿಗೆ ಗಾಡಿ ನಿಲ್ಲಿಸಿ ಒಂದು ಜಗಲಿಯ ಮೇಲೆ ಕೂತೆ. ಹೊತ್ತಾಗಿತ್ತು, ಆದರೂ ಒಂದು ಮನೆಯಲ್ಲಿ ಪಾಠ ನಡೆದಿತ್ತು. ಒಂದೇ ಸಾಲನ್ನು ಗುರುಗಳು ಮತ್ತೆ ಮತ್ತೆ ಹೇಳಿಸುತ್ತಿದ್ದರು. ಅದು ಸರಿಬರುವವರೆಗೂ ಕೂತಿದ್ದು ಎದ್ದೆ. ಹಿಂತಿರುಗುವಾಗ ಅರಕಲಗೂಡಿನ ಮೇಲೆ ದೊಡ್ಡ ರಸ್ತೆ ಹಿಡಿದೆ. ಹಳ್ಳಕ್ಕೆ ಹೋಗಿ ಸೊಪ್ಪು ಇದೆಯೋ ಇಲ್ಲವೋ ನೋಡುವ ಧೈರ್ಯ ನನಗಿರಲಿಲ್ಲ.

ನಾನು ಮೆಕ್ಯಾನಿಕ್, ಕಾರಣ ಹುಡುಕದೆ ಬಿಡುವವನಲ್ಲ. ಮುದುಕ ನಡುವೆ ಎಲ್ಲಾದರೂ ತೂಕಡಿಸಿರಬಹುದು. ಹಸಿ ಮರಳಿನಲ್ಲಿ ನೀರು ಜಿನುಗಿ ಹೆಜ್ಜೆ ಅಳಿಸಿಹೋಗಿರಬಹುದು. ತನ್ನ ಗಂಡನಿಗೆಂದೋ ಮಗನಿಗೆಂದೋ ಯಾರೋ ಹೆಂಗಸು ಸೊಪ್ಪು ಇಟ್ಟಿರಬಹುದು. ಇದೆಲ್ಲ ಸರಿಹೋಗುತ್ತದೆ. ಆ ಎರಡು ಅಡ್ಡ ಕಡ್ಡಿಗಳ ಹತ್ತಿರ ಬಂದರೆ ಮಾತ್ರ ನನ್ನ ಲೆಕ್ಕ ನಿಂತುಹೋಗುತ್ತದೆ.

ಅಂದು ದೀಪ ಹಚ್ಚಿ ನೋಟ್‌ಬುಕ್ ತೆರೆದು ಬಹಳ ಹೊತ್ತು ಕೂತಿದ್ದೆ. ಒಬ್ಬರೇನಾ ಎಂದು ಮುದುಕ ಕೇಳಿದ್ದಕ್ಕೆ ನಾನು ಹೌದು ಎಂದಿರಲಿಲ್ಲ. ಕೊನೆಗೆ ಅವಳ ಪೆನ್ನು ತೆಗೆದುಕೊಂಡು ನಮ್ಮ ಮನೆಯಿಂದ ಹಳ್ಳದವರೆಗೆ, ಹಳ್ಳದ ಆಚೆಯಿಂದ ರುದ್ರಪಟ್ಟಣದವರೆಗೆ ಗೆರೆಯನ್ನು ಮಸಿಯಲ್ಲಿ ತಿದ್ದಿದೆ. ತಪ್ಪಾಗಿದ್ದರೆ ತಪ್ಪು. ನಡುವೆ ಹಳ್ಳದ ಅಗಲ, ಒಂದು ಅಕ್ಕಿಕಾಳಿನಷ್ಟು, ಇಂದಿಗೂ ಪೆನ್ಸಿಲ್ಲಿನಲ್ಲೇ ಇದೆ. ಅಲ್ಲಿ ನನಗಿಂತ ಮುಂದೆ ನಡೆದವರು ಯಾರು ಎಂದು ನನಗೆ ತಿಳಿಯದು. ಅವಳೇ ಆಗಿದ್ದರೆ ಅದಕ್ಕೆ ಮಸಿ ಹಾಕಬೇಕಾದವಳೂ ಅವಳೇ. ಪಕ್ಕದಲ್ಲಿ ಅವಳ ಸಣ್ಣ ಅಕ್ಷರ ಹಾಗೇ ಇದೆ: ಹಳ್ಳ. ಇಳಿದು ನೋಡಬೇಕು.