ಬಾಲ್ಡರನೂ ಅಜ್ಜಿಯ ಎಳ್ಳುಬೆಲ್ಲವೂ

ಆಗ ನಾವು ದೂರದ ಉತ್ತರ ಸೀಮೆಯ ಶೋವ್ಡೆ ಎಂಬ ಊರಿನಲ್ಲಿದ್ದೆವು. ಚಳಿಗಾಲದಲ್ಲಿ ಅಪ್ಪ ಎಂಜಿನ್ ಕಾರ್ಖಾನೆಗೆ ಹೊರಡುವಾಗಲೂ ಕತ್ತಲೆ, ಮರಳುವಾಗಲೂ ಕತ್ತಲೆ. ಅಲ್ಲಿ ಮಕ್ಕಳಾಗಿದ್ದವರಿಗೆಲ್ಲ ಗೊತ್ತು, ಹೀಟರಿನ ಮೇಲೆ ಒದ್ದೆ ಕೈಗವಸು ಒಣಗುವ ವಾಸನೆ ಎಂಥದ್ದೆಂದು. ನಮ್ಮ ಮನೆಯಲ್ಲಿ ಅದರ ಜೊತೆಗೆ ಸಾರಿನ ಒಗ್ಗರಣೆಯೂ ಸೇರುತ್ತಿತ್ತು. ನನಗೆ ಇವತ್ತಿಗೂ ಚಳಿಗಾಲವೆಂದರೆ ಅದೇ ವಾಸನೆ.

ಆ ವರ್ಷ ಮೂರನೇ ಕ್ಲಾಸಿನಲ್ಲಿ ನಮ್ಮ ಟೀಚರ್ ಆನ್ನಾ ಆ ಸೀಮೆಯ ಹಳೆಯ ದೇವರುಗಳ ಪಾಠ ಶುರುಮಾಡಿದ್ದಳು. ನಾನು ಮನೆಗೆ ಬಂದವಳೇ ಬೂಟು ಬಿಚ್ಚುವ ಮೊದಲು ಎಲ್ಲವನ್ನೂ ಅಜ್ಜಿಗೆ ಒಪ್ಪಿಸುತ್ತಿದ್ದೆ. ಅಜ್ಜಿ ಎಂದರೆ ಅಪ್ಪನ ಅಮ್ಮ. ಬೇಸಿಗೆಗೆ ಬರಬೇಕಾಗಿದ್ದವಳು ವೀಸಾ ತಡವಾಗಿ ಹಿಮ ಬೀಳುವ ಹೊತ್ತಿಗೆ ಬಂದಿಳಿದಿದ್ದಳು.

“ಎಲ್ಲರಿಗಿಂತ ದೊಡ್ಡೋನು ಓಡಿನ್ ಅಜ್ಜಿ. ಜ್ಞಾನ ಬೇಕು ಅಂತ ಒಂದು ಕಣ್ಣು ಕಿತ್ತು ಕೊಟ್ಬಿಟ್ಟ.”

“ಅಯ್ಯೋ ಶಿವನೇ! ಮೂರನೇ ಕಣ್ಣಿರೋನು ಗೊತ್ತು. ಇದ್ದದ್ದನ್ನೂ ಕಳ್ಕೊಂಡೋನು ಇವನೊಬ್ಬ!”

ಸುತ್ತಿಗೆ ಬೀಸಿ ಗುಡುಗಿಸುವ ಥಾರ್ ಬಗ್ಗೆ ಹೇಳಿದರೆ, “ಅವನು ನಮ್ಮ ಇಂದ್ರನೇ ಬಿಡು,” ಎನ್ನುವಳು. ಫ್ರೇಯಾ ಎಂಬ ಚೆಲುವೆಯ ರಥವನ್ನು ಬೆಕ್ಕುಗಳು ಎಳೆಯುತ್ತವೆ ಎಂದಾಗ ಮಾತ್ರ ಅವಳಿಗೆ ತಡೆಯಲಾಗಲಿಲ್ಲ. “ಬೆಕ್ಕು ಅಡ್ಡ ಬಂದ್ರೇನೇ ನಾವು ವಾಪಸ್ ಬಂದು ನೀರು ಕುಡಿದು ಹೊರಡ್ತೀವಿ. ಇವಳಿಗೆ ಗಾಡಿ ಎಳೆಯೋಕೇ ಬೆಕ್ಕಾ?”

ಇಷ್ಟು ನಗುವಿದ್ದ ಮನೆಯಲ್ಲಿ ಒಂದು ಭಯವೂ ಇತ್ತು. ನನ್ನ ತಮ್ಮ ಚಿನ್ನುಗೆ ಆಗ ನಾಲ್ಕು ವರ್ಷ. ಅವನಿಗೆ ಕಡಲೆಕಾಯಿ ಬೀಜ ಆಗುತ್ತಿರಲಿಲ್ಲ. ಯಾರದೋ ಹುಟ್ಟುಹಬ್ಬದಲ್ಲಿ ಒಂದು ಬಿಸ್ಕತ್ತು ತಿಂದು ಗಂಟಲು ಊದಿ ಉಸಿರು ಕಟ್ಟಿತ್ತು. ಅಂದಿನಿಂದ ಅಮ್ಮ ಒಬ್ಬರನ್ನೂ ಬಿಡಲಿಲ್ಲ. ಅವನು ಹೋಗುತ್ತಿದ್ದ ಶಿಶುವಿಹಾರದವರು, ಅಲ್ಲಿಯ ಅಡುಗೆಯವರು, ಮೇಲಿನ ಮನೆಯ ಇಂಗ್ರಿಡ್, ಎಲ್ಲರ ಬಳಿಯೂ ಹೋಗಿ ಮಾತು ತೆಗೆದುಕೊಂಡಳು. ಕೊಡುವುದಿಲ್ಲ ಎಂದು ಅವರ ಬಾಯಿಂದಲೇ ಹೇಳಿಸುವವರೆಗೂ ಕದಲುತ್ತಿರಲಿಲ್ಲ. “ಆಣೆ ಹಾಕಿಸ್ಕೊಂಡ್ಯೋ ಇಲ್ವೋ?” ಎಂದು ಅಪ್ಪ ರೇಗಿಸುತ್ತಿದ್ದ.

ಹೀಗಿರುವಾಗ ಆನ್ನಾ ಬಾಲ್ಡರನ ಕಥೆ ಹೇಳಿದಳು. ಬಾಲ್ಡರ್ ಓಡಿನ್ನನ ಮಗ, ಎಲ್ಲರ ಮುದ್ದು. ಅವನಿಗೆ ಸಾವಿದೆಯೆಂದು ಕನಸು ಬಿದ್ದಾಗ ತಾಯಿ ಫ್ರಿಗ್ ಲೋಕವನ್ನೆಲ್ಲ ಸುತ್ತಿ ಬೆಂಕಿ, ನೀರು, ಕಬ್ಬಿಣ, ಕಲ್ಲು, ಹಾವು, ರೋಗ ಎಲ್ಲದರಿಂದಲೂ ಅವನಿಗೆ ಕೇಡು ಮಾಡುವುದಿಲ್ಲವೆಂದು ಆಣೆ ತೆಗೆದುಕೊಂಡಳು. ಇನ್ನೂ ಎಳೆಯದು, ಇದರಿಂದೇನಾದೀತು ಎಂದು ಮರಕ್ಕೆ ಅಂಟಿ ಬೆಳೆಯುವ ಒಂದು ಬಂದಳಿಕೆಯನ್ನು ಮಾತ್ರ ಬಿಟ್ಟಳು. ಏನೆಸೆದರೂ ಬಾಲ್ಡರನಿಗೆ ನೋವಾಗದೆಂದು ದೇವರುಗಳಿಗೆ ಅವನ ಮೇಲೆ ಎಸೆಯುವುದೇ ಆಟವಾಯಿತು. ಕಪಟಿ ಲೋಕಿ ಅದನ್ನೇ ಚೂಪುಮಾಡಿ ಬಾಲ್ಡರನ ಕುರುಡು ಅಣ್ಣನ ಕೈಗಿತ್ತು, ಆಟಕ್ಕೆ ಎಸೆ ಎಂದ. ಅವನು ಎಸೆದ. ಬಾಲ್ಡರ್ ಅಲ್ಲೇ ಬಿದ್ದು ಸತ್ತ.

ಕ್ಲಾಸಿನಲ್ಲಿ ಎಲ್ಲರೂ ಬಾಲ್ಡರನ ಚಿತ್ರ ಬಿಡಿಸುತ್ತಿದ್ದರೆ ನನ್ನ ಕೈ ಮಾತ್ರ ಓಡಲಿಲ್ಲ. ನಮ್ಮಮ್ಮ ಏನನ್ನು ಬಿಟ್ಟಿದ್ದಾಳೆ?

ಅಂದಿನಿಂದ ನಾನು ಹುಡುಕತೊಡಗಿದೆ. ಚಾಕೊಲೇಟಿನ ಕಾಗದ ಓದಿದೆ, ಚಿನ್ನುವಿನ ಜೇಬು ತಡಕಿದೆ. ಒಂದು ದಿನ ಇಂಗ್ರಿಡ್ ಬಾಲ್ಕನಿಯಲ್ಲಿ ಹಕ್ಕಿಗಳಿಗೆಂದು ತೂಗುಹಾಕಿದ್ದ ಬಲೆಚೀಲ ಕಣ್ಣಿಗೆ ಬಿತ್ತು. ಅದರ ತುಂಬ ಕಡಲೆಕಾಯಿ ಬೀಜ! ಹಕ್ಕಿಗಳು ಕುಕ್ಕಿದ ಚೂರುಗಳು ಚಿನ್ನು ಆಡುವ ಹಿಮದ ಮೇಲೆಯೇ ಉದುರಿದ್ದವು. ಅಮ್ಮನನ್ನು ಎಳೆದು ತಂದು ತೋರಿಸಿದೆ. ಅಮ್ಮನ ಮುಖ ಬಿಳಿಚಿಕೊಂಡಿತು. ಇಂಗ್ರಿಡ್ ಪಾಪ, ಕೂಡಲೇ ಇಳಿಸಿದಳು. ಬಂದಳಿಕೆ ಸಿಕ್ಕಿತು, ಇನ್ನು ಚಿನ್ನುಗೆ ಏನೂ ಆಗುವುದಿಲ್ಲ ಎಂದುಕೊಂಡೆ.

ಸಂಕ್ರಾಂತಿಯ ದಿನ ನಾನು ಶಾಲೆಯಿಂದ ಬಂದಾಗ ಅಮ್ಮ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯಲು ಇಳಿದಿದ್ದಳು. ಅಡುಗೆಮನೆಯಲ್ಲಿ ಕೊಬ್ಬರಿ, ಬೆಲ್ಲದ ಘಮ. ಚಿನ್ನು ಅಜ್ಜಿಯ ತೊಡೆಯ ಮೇಲೆ ಕೂತು ಬಾಯಾಡಿಸುತ್ತಿದ್ದ. ಮೇಜಿನ ಮೇಲೆ ಅಜ್ಜಿ ಊರಿಂದ ಕಲಸಿ ತಂದಿದ್ದ ಎಳ್ಳುಬೆಲ್ಲ.

“ಅಜ್ಜಿ, ಅದರಲ್ಲಿ ಕಡ್ಲೆಬೀಜ ಇದೆ!”

“ನಂಗೊತ್ತಿಲ್ವೇನೇ? ನಿಮ್ಮಮ್ಮ ಬೀಜ ಬೇಡ ಅಂದಿದ್ಳಲ್ಲ, ಬೆಳಗ್ಗೆಯಿಂದ ಕೂತು ಒಂದೊಂದೇ ಆರಿಸಿ ತೆಗ್ದಿದ್ದೀನಿ. ನೋಡಿಲ್ಲಿ.” ಪಕ್ಕದ ಬಟ್ಟಲನ್ನು ಹೆಮ್ಮೆಯಿಂದ ತೋರಿಸಿದಳು. ಅದರ ತುಂಬ ಆರಿಸಿಟ್ಟ ಬೀಜ.

ಚಿನ್ನು ತುಟಿ ಉಜ್ಜಿಕೊಳ್ಳತೊಡಗಿದ. “ದೆ ಕ್ಲೀಯರ್,” ಎಂದು ಶಿಶುವಿಹಾರದ ಭಾಷೆಯಲ್ಲಿ ಅಂದ.

“ಏನಂತಾನೆ?” ಅಜ್ಜಿ ನಗುತ್ತಲೇ ಕೇಳಿದಳು.

ಅವನಿಗೆ ತುರಿಸುತ್ತಿದೆಯಂತೆ ಎಂದು ಅಜ್ಜಿಗೆ ಬಿಡಿಸಿ ಹೇಳುತ್ತಾ ನಾನು ನಿಲ್ಲಲಿಲ್ಲ. ಬರೀ ಸಾಕ್ಸಿನಲ್ಲೇ ಮೆಟ್ಟಿಲಿಳಿದು ಓಡಿ ಅಮ್ಮನನ್ನು ಕೂಗಿದೆ. ನಾವು ಮೇಲೆ ಬರುವಷ್ಟರಲ್ಲಿ ಅವನ ಕಣ್ಣುಗಳು ಮುಚ್ಚಿಹೋಗುವಷ್ಟು ಊದಿದ್ದವು, ಎದೆಯಿಂದ ಸಿಳ್ಳೆಯಂಥ ಸದ್ದು ಬರುತ್ತಿತ್ತು. ಅಮ್ಮ ಪೆನ್ನಿನಂಥ ಇಂಜೆಕ್ಷನ್ ತೆಗೆದು ಪ್ಯಾಂಟಿನ ಮೇಲೆಯೇ ಅವನ ತೊಡೆಗೆ ಒತ್ತಿ ಹಿಡಿದಳು.

“ಮಗೂಗೆ ಏನ್ ಚುಚ್ತಿದ್ಯೇ!” ಅಜ್ಜಿ ಚೀರಿದಳು. ಅಮ್ಮ ತಿರುಗಿಯೂ ನೋಡಲಿಲ್ಲ.

ಆಂಬುಲೆನ್ಸ್ ಬಂತು, ಅಮ್ಮನನ್ನೂ ಚಿನ್ನುವನ್ನೂ ಕರೆದುಕೊಂಡು ಹೋಯಿತು. ಇಂಗ್ರಿಡ್ ನಮ್ಮ ಜೊತೆ ಬಂದು ಕೂತಳು. ಅಜ್ಜಿ ಬಟ್ಟಲನ್ನು ಮುಂದಿಟ್ಟುಕೊಂಡು ಒಂದೇ ಮಾತು ಹೇಳುತ್ತಿದ್ದಳು. “ಒಂದೂ ಬಿಟ್ಟಿರ್ಲಿಲ್ಲ ಕಣೇ ಪುಟ್ಟಿ. ನೀನೇ ಹುಡುಕಿ ನೋಡು, ಒಂದೂ ಇಲ್ಲ.” ನಿಜ, ಒಂದೂ ಇರಲಿಲ್ಲ. ಬೀಜ ತೆಗೆದರೂ ಅದರ ಪುಡಿ ಉಳಿಯುತ್ತದೆ, ಚಿನ್ನುಗೆ ಅಷ್ಟೇ ಸಾಕು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ನನಗೆ ಅಳು ಬಂತು. ಸಂಜೆ ಅಪ್ಪ ಆಸ್ಪತ್ರೆಯಿಂದ ಫೋನು ಮಾಡಿ, ಉಸಿರಾಟ ಸರಿಹೋಗಿದೆ ಅಂದ. ಅಜ್ಜಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಮರುದಿನ ಅಮ್ಮ ಬಂದಾಗ ಜಗಳ ಗ್ಯಾರಂಟಿ ಎಂದುಕೊಂಡಿದ್ದೆ. ಅಮ್ಮ ಕೋಟೂ ಬಿಚ್ಚದೆ ಅಂದಳು, “ಅತ್ತೆ, ನಾನೇ ಬಿಡಿಸಿ ಹೇಳ್ಬೇಕಿತ್ತು. ದೊಡ್ಡೋರಿಗೆ ಹೇಗೆ ಹೇಳೋದು ಅಂತ ಸುಮ್ನಾದೆ.”

ಫ್ರಿಗ್ ಬಂದಳಿಕೆಯನ್ನು ಚಿಕ್ಕದೆಂದು ಬಿಟ್ಟಳು, ನಮ್ಮಮ್ಮ ಅಜ್ಜಿಯನ್ನು ದೊಡ್ಡವಳೆಂದು ಬಿಟ್ಟಿದ್ದಳು. ಆಣೆ ಹಾಕು ಎಂದು ಅತ್ತೆಗೆ ಹೇಳುವ ಸೊಸೆ ನಮ್ಮಲ್ಲಿ ಯಾರಿದ್ದಾರೆ?

ಆಮೇಲೆ ಅಜ್ಜಿ ಚಿನ್ನುಗೆ ಒಂದು ತುತ್ತೂ ಹಾಕಲಿಲ್ಲ. ಅವನು ಬಾಯಿ ತೆರೆದು ಬಂದರೆ, “ಅಮ್ಮನ ಹತ್ರ ಹೋಗು ಕಂದ,” ಎಂದು ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುವಳು. ಹಿಮ ಕರಗುವ ಮೊದಲೇ ಊರಿಗೆ ಹೊರಟಳು. ಮತ್ತೆ ಬರಲಿಲ್ಲ. ಆಮೇಲೆ ಅವಳು ನಮಗೆ ಸಿಕ್ಕಿದ್ದು ಫೋನಿನ ಪರದೆಯಲ್ಲಿ ಮಾತ್ರ.

ಅಜ್ಜಿ ತೀರಿಕೊಂಡು ವರ್ಷಗಳಾದವು. ಚಿನ್ನು ಈಗ ಗೋಥೆನ್‌ಬರ್ಗ್‌ನಲ್ಲಿ ಓದುತ್ತಿದ್ದಾನೆ. ಬಾಲ್ಡರ್ ಸತ್ತ, ನಮ್ಮವನು ಉಳಿದ. ಅದಕ್ಕಿಂತ ದೊಡ್ಡ ಭಾಗ್ಯವಿಲ್ಲ, ನಿಜ. ಆದರೆ ಬದುಕಿ ಉಳಿದವನು ಏನನ್ನು ಕಳೆದುಕೊಂಡ ಎಂದು ನಾವ್ಯಾರೂ ಕೇಳಿರಲಿಲ್ಲ. ಮೊನ್ನೆ ಫೋನಿನಲ್ಲಿ ಅವನೇ ತನ್ನ ಅರೆಬರೆ ಕನ್ನಡದಲ್ಲಿ ಕೇಳಿದ.

“ಅಕ್ಕಾ, ಅಜ್ಜಿಗೆ ನನ್ನ ಮೇಲೆ ಕೋಪ ಇತ್ತಾ? ಕಾಲ್ ಮಾಡಿದಾಗ ನಿಮ್ಮನ್ನೆಲ್ಲ ‘ಊಟ ಆಯ್ತಾ?’ ಅಂತ ಕೇಳ್ತಿದ್ರು. ನನ್ನನ್ನ ಮಾತ್ರ ಒಂದ್ಸಲಾನೂ ಕೇಳ್ಲಿಲ್ಲ.”

“ಕೋಪ ಅಲ್ವೋ, ಭಯ,” ಅಂದೆ.

“ಕೇಳೋಕೂ ಭಯಾನಾ?” ಅಂದ.