ನಾಲ್ಕನೇ ರೀಲು

ಮೊನ್ನೆ ಮೊಮ್ಮಗಳು ಪಕ್ಕದಲ್ಲಿ ಕುಳಿತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಕಡೂರಿನ ಟಾಕೀಸಿನ ಆಪರೇಟರ್ ನೆನಪಾದರು. ತುಂಡಾದ ಫಿಲ್ಮು ಅಂಟಿಸಲು ಅವರು ಬಳಸುತ್ತಿದ್ದ ದ್ರವಕ್ಕೂ ಇದೇ ವಾಸನೆ. ಅವರ ಅಂಗಿಗೆ, ಕೈಗೆ, ಕೊನೆಗೆ ಅವರು ಕೊಡುತ್ತಿದ್ದ ಎಲೆಅಡಿಕೆಗೂ ಅದೇ ವಾಸನೆ...

ಎಪ್ಪತ್ತರ ದಶಕದ ಕೊನೆ. ನಾನು ಅಲ್ಲಿ ಹೈಸ್ಕೂಲ್ ಮೇಷ್ಟ್ರು, ಜೊತೆಗೆ ಫಿಲ್ಮ್ ಸೊಸೈಟಿಯ ಕಾರ್ಯದರ್ಶಿ ಎಂಬ ಕೊಂಬು ಬೇರೆ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ವಿದೇಶಿ ಚಿತ್ರ ತೋರಿಸಿ, ಕೊನೆಗೆ ನಾನೇ ಅದರ ಬಗ್ಗೆ ಮಾತಾಡಬೇಕು. ಒಂದು ಸಲ ಬಂದದ್ದು ಲೋಕವೆಲ್ಲ ಕೊಂಡಾಡಿದ ಚಿತ್ರ. ನನಗೆ ತಲೆಬುಡ ತಿಳಿಯಲಿಲ್ಲ. ಕಥೆಯಲ್ಲಿ ಮನೆ ಬಿಟ್ಟುಹೋದ ಗಂಡ ಏನಾದನೆಂದು ಹೇಳದೆ ಬಿಟ್ಟಿರುವುದೇ ನಿರ್ದೇಶಕನ ಹಿರಿಮೆ ಎಂದುಬಿಟ್ಟೆ. ಎಲ್ಲರೂ ತಲೆದೂಗಿದರು. ಅದನ್ನೇ ಲೇಖನ ಮಾಡಿ ಸಂಜೆಯೇ ಪತ್ರಿಕೆಗೆ ಕಳಿಸಿದೆ.

ಮರುದಿನ ಆಪರೇಟರ್ ಶಾಲೆಗೇ ಬಂದರು.

“ನಾಲ್ಕನೇ ರೀಲು ಹಾಕ್ಲೇ ಇಲ್ಲ ಸಾರ್. ಶಿವನಿ ರೈಲಿನೋರು ಚಡಪಡಿಸ್ತಿದ್ರು. ಗಂಡ ಎಲ್ಲಿಗ್ ಹೋದ ಅನ್ನೋದು ಅದ್ರಲ್ಲೇ ಐತೆ.”

ಅದು ಅವರ ಬಹಳ ವರ್ಷಗಳ ರೂಢಿ. ಆಟ ತಡವಾದರೆ ಒಂದು ರೀಲು ಬಿಟ್ಟು, ಅಜ್ಜಂಪುರ, ಶಿವನಿಯವರಿಗೆ ರೈಲು ಸಿಗುವಂತೆ ಮಾಡುತ್ತಿದ್ದರು. ಜನ ಅವರನ್ನು ಹರಸಿಕೊಂಡೇ ಹೋಗುತ್ತಿದ್ದರು. ಆದರೆ ನನ್ನ ಮಾತು ಕೇಳಿದ ಮೇಲೆ ಅವರಿಗೆ ನಿದ್ದೆ ಬಂದಿರಲಿಲ್ಲ. ಫಿಲ್ಮಿನ ಪೆಟ್ಟಿಗೆ ವಾಪಸು ಹೋಗುವ ಮೊದಲು ಎಲ್ಲರಿಗೂ ಹೇಳಿ ಆ ರೀಲು ತೋರಿಸಿಬಿಡಲೇ ಎಂದು ಕೇಳಿದರು. ಲೇಖನ ಆಗಲೇ ಹೋಗಿಯಾಗಿತ್ತು. ಯಾರ ಹತ್ತಿರವೂ ಬಾಯಿ ಬಿಡಬೇಡಿ ಎಂದು ಬೇಡಿಕೊಂಡೆ. ಅವರು ಒಪ್ಪಿದರು. ಹೊರಟವರು ಮತ್ತೆ ತಿರುಗಿದರು.

“ನಾನು ಅದ್ನೂ ಸೇರ್ಸಿ ಪೂರ್ತಿ ನೋಡ್ದೆ ಸಾರ್. ಯಾಕೆ ಅಷ್ಟು ಹೊಗಳ್ತಾರೆ ಅಂತ ಗೊತ್ತಾಗ್ಲಿಲ್ಲ. ನೀವಾದ್ರೂ ಹೇಳಿ.”

“ಅದೆಲ್ಲ ನಿಮಗೆ ಅರ್ಥ ಆಗಲ್ಲ ಬಿಡಿ,” ಎಂದೆ.

ಲೇಖನ ಅಚ್ಚಾಯಿತು. ಎಷ್ಟೋ ತಿಂಗಳು ಟಾಕೀಸಿನ ಮುಂದೆ ಇಬ್ಬರು ನಿಂತು ನಕ್ಕರೂ ಗುಟ್ಟು ಬಯಲಾಯಿತೇನೋ ಎಂದು ಹೆದರುತ್ತಿದ್ದೆ. ಅವರು ಯಾರಿಗೂ ಹೇಳಲಿಲ್ಲ. ಮುಂಚೆ ಪ್ರತಿ ಚಿತ್ರ ಮುಗಿದ ಮೇಲೂ ಅದೇನು, ಇದ್ಯಾಕೆ ಎಂದು ಕೇಳುತ್ತಿದ್ದವರು ಆಮೇಲೆ ಏನನ್ನೂ ಕೇಳಲಿಲ್ಲ. ಎಲೆಅಡಿಕೆ ಮಾತ್ರ ಕೊಡುತ್ತಿದ್ದರು. ನನಗೆ ತರೀಕೆರೆಗೆ ವರ್ಗವಾಯಿತು. ಅಲ್ಲಿಂದ ಕಡೂರಿಗೆ ಎಷ್ಟು ಮಹಾ ದೂರ... ಆದರೂ ಹೋಗಲಿಲ್ಲ. ಅವರು ತೀರಿಕೊಂಡ ಸುದ್ದಿ ಬಸ್ಸಿನಲ್ಲಿ ಯಾರೋ ಹೇಳಿದರು.

ಮೊಮ್ಮಗಳಿಗೆ ಹೇಳಿ ಕಂಪ್ಯೂಟರಿನಲ್ಲಿ ಆ ಚಿತ್ರ ಹುಡುಕಿಸಿದೆ. ಈ ಸಲ ಪೂರ್ತಿ ನೋಡಿದೆ. ಗಂಡ ದೂರವೇನೂ ಹೋಗಿರಲಿಲ್ಲ. ಹೆಂಡತಿಗೆ ಮುಖ ತೋರಿಸಲು ಅಂಜಿ ಪಕ್ಕದ ಊರಿನಲ್ಲೇ ಇದ್ದ. ಅದನ್ನು ಲೋಕ ಯಾಕೆ ಅಷ್ಟು ಹೊಗಳಿತೋ ನನಗೆ ಈಗಲೂ ಗೊತ್ತಾಗಲಿಲ್ಲ. ನನಗೂ ಗೊತ್ತಾಗಲಿಲ್ಲ ಎಂದು ನಾನು ಹೇಳಬೇಕಾಗಿದ್ದುದು ಒಬ್ಬರಿಗೆ, ಅವರು ಈಗಿಲ್ಲ.