ಬೆನ್ನಚೀಲದ ಅಕ್ಕಿ

ಮದ್ರಾಸಿನ ಮೇ ತಿಂಗಳ ಕತ್ತರಿ ಬಿಸಿಲಲ್ಲಿ ನಮ್ಮ ಯಜಮಾನರು ಮಂಕಿ ಕ್ಯಾಪ್ ಹಾಕಿಕೊಂಡು ಕನ್ನಡಿ ಮುಂದೆ ನಿಂತಿದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ.

ಎಪ್ಪತ್ತರ ದಶಕದ ಕೊನೆಯ ಮಾತು. ಅವರು ಗೂಡ್ಸ್ ರೈಲಿನ ಗಾರ್ಡ್. ನಾವಿಬ್ಬರು ಮತ್ತು ಅತ್ತೆ ಪಲ್ಲಾವರಂನಲ್ಲಿ ಒಂದು ಮಹಡಿ ಮನೆಯ ಮೇಲ್ಭಾಗದಲ್ಲಿ ಬಾಡಿಗೆಗಿದ್ದೆವು. ರೈಲ್ವೆ ಪಾಸನ್ನು ಬರೀ ನೆಂಟರ ಮದುವೆ, ತಿಥಿಗಳಿಗೆ ಸವೆಸುತ್ತಿದ್ದ ಮನುಷ್ಯನಿಗೆ ಆ ವರ್ಷ ಯಾರೋ ಸಹೋದ್ಯೋಗಿ ಹಿಮಾಲಯದ ಫೋಟೋ ತೋರಿಸಿ ತಲೆ ಕೆಡಿಸಿದರು. ಬೆಟ್ಟದ ಬುಡದ ಕಾಠಗೋದಾಮಿನವರೆಗೆ ರೈಲು, ಆಮೇಲೆ ಬಸ್ಸು, ಅಲ್ಲಿಂದ ದೇವದಾರು ಕಾಡಿನಲ್ಲಿ ನಡಿಗೆ, ಡೇರೆಯಲ್ಲಿ ನಿದ್ದೆ. ಹಿಮನದಿಯನ್ನು ಮುಟ್ಟಿಯೇ ಬರಬೇಕೆಂದು ಹಟ ಹಿಡಿದರು.

ನನಗೂ ಆಸೆ ಇತ್ತು, ಸುಳ್ಳೇಕೆ? ಆದರೆ ಕೆಲವು ತಿಂಗಳಿಂದ ಅವರಿಗೆ ಏದುಸಿರು. ಕೇಳಿದರೆ ರೈಲಿನ ಧೂಳು ಎನ್ನುತ್ತಿದ್ದರು. ರೈಲ್ವೆ ಡಾಕ್ಟರ ಹೆಸರೆತ್ತಿದರೆ ಉರಿದು ಬೀಳುತ್ತಿದ್ದರು. ಅನ್‌ಫಿಟ್ ಎಂದು ಬರೆದುಬಿಟ್ಟರೆ ರೈಲಿನಿಂದ ಇಳಿಸಿ ಆಫೀಸಿನಲ್ಲಿ ಕೂರಿಸುತ್ತಾರೆಂಬ ಭಯ. ಕೊನೆಗೆ ನಾನೂ ಬಿಗಿಯಾದೆ. ಬೆನ್ನಿಗೆ ಭಾರ ಹೊತ್ತು ಮನೆ ಹತ್ತಿರದ ಪರಂಗಿಮಲೈ ಗುಡ್ಡದ ಮೆಟ್ಟಿಲುಗಳನ್ನು ನಿಲ್ಲದೆ ಹತ್ತಿದರೆ ಹಿಮಾಲಯ, ಇಲ್ಲದಿದ್ದರೆ ಡಾಕ್ಟರು. ಅವರು ಒಪ್ಪಿದರು.

ಮನೆಯಲ್ಲಿ ಬೇರೆ ಭಾರ ಏನಿತ್ತು? ಬೆನ್ನಚೀಲಕ್ಕೆ ಅಕ್ಕಿ ತುಂಬಿದೆವು. ಮೊದಲ ಭಾನುವಾರ ಅರ್ಧಕ್ಕೇ ಕೂತು ಶೂ ಲೇಸ್ ಕಟ್ಟಿಕೊಂಡರು. ಸ್ವಲ್ಪ ಮೇಲೆ ಮತ್ತೆ ಕಟ್ಟಿಕೊಂಡರು. ಬಿಚ್ಚದ ಲೇಸನ್ನು ಕಟ್ಟುವುದು ನನಗೆ ಕಾಣುತ್ತಿತ್ತು.

ಆದರೆ ವಾರದಿಂದ ವಾರಕ್ಕೆ ಸುಧಾರಿಸಿದರು. ಒಂದು ಭಾನುವಾರ ಎಲ್ಲೂ ನಿಲ್ಲದೆ ತುದಿ ಮುಟ್ಟಿ, “ನೋಡಿದ್ಯಾ!” ಎಂದು ಹುಡುಗನ ಹಾಗೆ ನಕ್ಕರು. ಇಳಿಯುವಾಗಲೇ ಇನ್ನೂ ಎತ್ತರದ ಜಾಗವೊಂದನ್ನು ಯೋಜನೆಗೆ ಸೇರಿಸಿದರು. ನನಗೆ ಖುಷಿಯೋ ಖುಷಿ. ಮರುದಿನವೇ ಹೋಗಿ ಇಬ್ಬರಿಗೂ ಸ್ವೆಟರ್ ಕೊಂಡೆ.

ಸ್ವೆಟರನ್ನು ಚೀಲದಲ್ಲಿಡಲು ಹೋದರೆ ಅತ್ತೆ ಅದರ ಮುಂದೆ ಕೂತು ಪಾವಿನಿಂದ ಅಕ್ಕಿ ತೆಗೆಯುತ್ತಿದ್ದರು. ತೆಗೆದ ಜಾಗಕ್ಕೆ ಹಳೆಯ ದಿಂಬಿನ ಹತ್ತಿ ತುರುಕಿದ್ದರು.

“ಏನತ್ತೆ ಇದು?”

“ಅವನಿಗೆ ಮೂಚು ವಾಂಗತ್ತೆ ಕಣೇ. ಉಸಿರಿಗೆ ಒದ್ದಾಡೋದನ್ನ ನೋಡ್ಕೊಂಡು ಹೆಂಗೆ ಸುಮ್ನಿರ್ಲಿ? ವಾರವಾರ ಒಂಚೂರು ಕಮ್ಮಿ ಮಾಡ್ದೆ, ಅಷ್ಟೇ.”

ನನಗೆ ಸಿಟ್ಟು ನೆತ್ತಿಗೇರಿತು. ಬೈಯಲು ಬಾಯಿ ಬರಲಿಲ್ಲ, ಹೆತ್ತ ಕರುಳು ಅದು. ಆದರೆ ಆ ಬೆಟ್ಟದಲ್ಲಿ ಭಾರ ಇಳಿಸಲು ಅಮ್ಮ ಎಲ್ಲಿಂದ ಬರಬೇಕು?

ಸಂಜೆ ಡ್ಯೂಟಿಯಿಂದ ಬಂದು ಕೈಕಾಲು ತೊಳೆದವರಿಗೆ ಎಲ್ಲವನ್ನೂ ಹೇಳಿದೆ. ಅವರು ಅಮ್ಮನನ್ನೂ ಬೈಯಲಿಲ್ಲ, ನನ್ನನ್ನೂ ನೋಡಲಿಲ್ಲ. ಹತ್ತಿ ಕಿತ್ತು ಹಾಕಿ, ಮೊದಲಿನಷ್ಟೇ ಅಕ್ಕಿ ಸುರಿದುಕೊಂಡು, ಚೀಲ ಹೊತ್ತು ಕೆಳಗಿಳಿದರು. ಅಲ್ಲಿಂದ ನಮ್ಮ ಮನೆಯ ಮೆಟ್ಟಿಲು ಹತ್ತತೊಡಗಿದರು. ನಾನು ಬಾಗಿಲಲ್ಲಿ ನಿಂತಿದ್ದೆ.

ತಿರುವಿನಲ್ಲಿ ಕೂತುಬಿಟ್ಟರು. ನಾನು ನೋಡುತ್ತಿರುವುದು ತಿಳಿದು, ಬಗ್ಗಿ ಕಾಲಿಗೆ ಕೈ ಹಾಕಿದರು.

“ಲೇಸ್ ಬಿಚ್ಕೊಂಡಿದೆ,” ಎಂದರು.

ಅವರು ಬರಿಗಾಲಲ್ಲಿದ್ದರು.

ನಾನು ಇಳಿದು ಹೋಗಿ ಚೀಲವನ್ನು ಅವರ ಹೆಗಲಿಂದ ಬಿಡಿಸಿಕೊಂಡೆ. ಉಸಿರು ಹತೋಟಿಗೆ ಬಂದ ಮೇಲೆ, “ನಾಳೆ ನೀನೂ ಬಾ,” ಎಂದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ.